ಮುಂಗೈ ನೋವು: ನರದ ಟೆಸ್ಟ್ ನಾರ್ಮಲ್ ಬಂದಿದೆ, ಮುಂದೇನು?

ಕೇಳಿದವರು, ಮಂಡ್ಯ: ಅಣ್ಣ ಆಲೆಮನೆಯಲ್ಲಿ ದುಡಿಯುತ್ತಾನೆ. ಐದು ತಿಂಗಳಿಂದ ಬಲ ಮೊಣಕೈ ಕೆಳಗೆ ನೋವು. ಟೆನಿಸ್ ಎಲ್ಬೋ (ಮೊಣಕೈ ಹೊರಮೂಳೆಗೆ ಅಂಟಿದ ಸ್ನಾಯುರಜ್ಜುವಿನ ನೋವು) ಎಂದು ಎರಡು ಇಂಜೆಕ್ಷನ್ ಆಯಿತು. ಮುಂಗೈಗೆ ಪಟ್ಟಿ ಕಟ್ಟಿದರೆ ನೋವು ಇನ್ನೂ ಹೆಚ್ಚುತ್ತದೆ ಎನ್ನುತ್ತಾನೆ. ನರದ ಟೆಸ್ಟ್ ನಾರ್ಮಲ್. ಅನುಭವ ಇದ್ದವರು ತಿಳಿಸಿ.

ಮೈಸೂರಿನಿಂದ, ಬೀಟೆ ಮರದ ಇನ್ಲೇ ಕೆಲಸದವನು: ಪಟ್ಟಿ ಕಟ್ಟಿದರೆ ಹೆಚ್ಚು ಎಂದಿರಲ್ಲ, ನನ್ನದೂ ಅದೇ ಕಥೆ. ಒಂದು ವರ್ಷ ಮೊಣಕೈಗೇ ಮದ್ದು ಹಚ್ಚಿದೆ. ಕೊನೆಗೆ ಕೈ ತಜ್ಞರೊಬ್ಬರು ರಿಪೋರ್ಟನ್ನು ಪಕ್ಕಕ್ಕಿಟ್ಟು, ಮೊಣಕೈ ಹೊರಮೂಳೆಯಿಂದ ನಾಲ್ಕು ಸೆಂಟಿಮೀಟರ್ ಕೆಳಗೆ ಹೆಬ್ಬೆರಳಿನಿಂದ ಒತ್ತಿದರು. ಪ್ರಾಣ ಹೋದಂತಾಯಿತು. ಮೂಳೆಯ ಮೇಲೆ ಒತ್ತಿದಾಗ ಅಷ್ಟೇನೂ ಇರಲಿಲ್ಲ. ಆಮೇಲೆ ನನ್ನ ಕೈ ಹಿಡಿದುಕೊಂಡು, ಅಂಗೈಯನ್ನು ಮೇಲಕ್ಕೆ ತಿರುಗಿಸಲು ಹೇಳಿದರು. ಅದೇ ಜಾಗದಲ್ಲಿ ಮತ್ತೆ ನೋವು. ಹಾಗೆ ತಿರುಗಿಸುವ ಸ್ನಾಯುವಿನ ಅಡಿಯಲ್ಲೇ ರೇಡಿಯಲ್ ನರದ ಕವಲು ನುಸುಳುತ್ತದೆಯಂತೆ. ಅಲ್ಲಿ ನರ ಒತ್ತಿಹೋಗುವುದಕ್ಕೆ ರೇಡಿಯಲ್ ಟನಲ್ ಎಂದರು. ಇದರಲ್ಲಿ ಟೆಸ್ಟ್ ನಾರ್ಮಲ್ ಬರುವುದೇ ಹೆಚ್ಚು. ಹಾಗೆಂದು ನೋವು ಸುಳ್ಳಲ್ಲ. (ಮನೆಯವರಿಗೆ ಇದನ್ನು ಒಪ್ಪಿಸಲು ನನಗೆ ಇನ್ನೊಂದು ತಿಂಗಳು ಬೇಕಾಯಿತು.) ಉಳಿ ಹಿಡಿದು ಕೈ ತಿರುಚುವ ಕೆಲಸವನ್ನು ಮೂರು ತಿಂಗಳು ಬಿಟ್ಟೆ, ವ್ಯಾಯಾಮ ಮಾಡಿದೆ. ಆಪರೇಷನ್ ಬೇಕಾಗಲಿಲ್ಲ.

ಮೈಸೂರಿನಿಂದ, ಫಿಸಿಯೋಥೆರಪಿಸ್ಟ್: ಜೋಮು ಇದೆಯೇ, ಯಾವ ಬೆರಳಿಗೆ ಎಂದು ಮೊದಲು ಕೇಳಿ. ಕಿರುಬೆರಳು ಮತ್ತು ಉಂಗುರ ಬೆರಳಿನ ಅರ್ಧಕ್ಕೆ ಬಂದರೆ ಅಲ್ನಾರ್ ನರ, ಹೆಚ್ಚಾಗಿ ಮೊಣಕೈ ಒಳಬದಿಯಲ್ಲಿ. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಬಂದು, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ ಹೆಚ್ಚಾಗಿ ಕಾರ್ಪಲ್ ಟನಲ್, ಅಂದರೆ ಮಣಿಕಟ್ಟಿನಲ್ಲಿ ನರ ಒತ್ತಿಹೋಗುವುದು. ಹೆಬ್ಬೆರಳ ಬುಡದ ಅಂಗೈ ಚರ್ಮವೂ ಮರಗಟ್ಟಿದ್ದರೆ ಮಣಿಕಟ್ಟಿಗಿಂತ ಮೇಲೆ, ಮುಂಗೈಯಲ್ಲಿ ಹುಡುಕಬೇಕು. ಕಾರ್ಪಲ್ ಟನಲ್‌ನಲ್ಲಿ ಆ ಭಾಗ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಹೆಬ್ಬೆರಳು, ತೋರುಬೆರಳ ತುದಿ ಸೇರಿಸಿ ದುಂಡನೆಯ ಸೊನ್ನೆ ಮಾಡಲಾಗದಿದ್ದರೆ, ಅಥವಾ ಬೆರಳುಗಳನ್ನು ಮೇಲಕ್ಕೆ ಎತ್ತಲಾಗದಿದ್ದರೆ ಕಾಯಬೇಡಿ, ಈ ವಾರವೇ ತೋರಿಸಿ. ಚರ್ಮದ ಮೇಲೆ ಸ್ಪರ್ಶವಿಲ್ಲದ ಮಚ್ಚೆ ಇದ್ದರೆ ಕುಷ್ಠದ ಪರೀಕ್ಷೆಯೂ ಆಗಬೇಕು. ಸಂಕೋಚ ಬೇಡ, ಮದ್ದಿದೆ.

ಮದ್ದೂರಿನಿಂದ: ನನ್ನದು ಕೈಯೇ ಅಲ್ಲ, ಕುತ್ತಿಗೆ! ತಲೆಯನ್ನು ಹಿಂದಕ್ಕೆ ಬಾಗಿಸಿದರೆ ಜೋಮು ಕೈಗಿಳಿಯುತ್ತಿತ್ತು. ಅದನ್ನೂ ನೋಡಿಸಿ.

ಕೇಳಿದವರು: ಜೋಮು ಇಲ್ಲ, ಸೊನ್ನೆ ಸರಿಯಾಗಿದೆ, ಬೆರಳೂ ಏಳುತ್ತಿವೆ. ಇನ್ಲೇ ಅಣ್ಣ ಹೇಳಿದ ಜಾಗದಲ್ಲಿ ಒತ್ತಿದೆ. ನಮ್ಮಣ್ಣ ಕೈ ಕಿತ್ತುಕೊಂಡು ಬೈದ. ಸೋಮವಾರ ಮೈಸೂರಿಗೆ ಕರೆದುಕೊಂಡು ಹೋಗುತ್ತಿದ್ದೇನೆ, ಪಟ್ಟಿ ಬಿಚ್ಚಿಸಿದ್ದೇನೆ.