ದೇವರು ಮಾತಾಡ್ಯಾನೋ ನನ್ನ ಮನಸೇ ಮಾತಾಡ್ತದೋ, ಹ್ಯಾಂಗ ಗೊತ್ತಾಗ್ತದ?

ಬೀದರ್ ಹುಡುಗಿ:
ಎಲ್ಲರಿಗೂ ಪ್ರೈಸ್ ದ ಲಾರ್ಡ್. ನರ್ಸಿಂಗ್ ಮುಗಿಸೀನ್ರಿ, ಹೈದರಾಬಾದ್‌ದಾಗ ಕೆಲಸ ಸಿಕ್ಕದ, ಮುಂದಿನ ತಿಂಗಳ ಸೇರಬೇಕು. ಹೋದ ವಾರ ಉಪವಾಸ ಪ್ರಾರ್ಥನಿಗಿ ಹೊರಗಿಂದ ಬಂದ ಪ್ರಸಂಗಿಯೊಬ್ರು ನನ್ನ ತಲಿ ಮ್ಯಾಲ ಕೈ ಇಟ್ಟು, ಊರು ಬಿಡಬ್ಯಾಡ ಅಂತ ಕರ್ತನು ಹೇಳಲತ್ತಾನ ಅಂದ್ರು, ಅವತ್ತಿಂದ ಅವ್ವ ನನ್ನ ಜೋಡಿ ಸರಿಯಾಗಿ ಮಾತೇ ಆಡವಲ್ಲಳು. ನಾ ಮುಂಜಾನಿ ನಾಕಕ್ಕೆ ಎದ್ದು ಮೊಣಕಾಲೂರಿ ಕುಂತ್ರ ನಂಗ ಏನೂ ಕೇಳಸೂದಿಲ್ಲ, ಒಮ್ಮೆ ಹೋಗು ಅನಸ್ತದ, ಒಮ್ಮೆ ಅಂಜಿಕಿ ಬರ್ತದ. ದೇವರ ಸ್ವರ ಅಂತ ಗುರುತು ಹಿಡಿಯೋದು ಹ್ಯಾಂಗ್ರಿ?

ಯಾದಗಿರಿ ಸಂಡೇ ಸ್ಕೂಲ್ ಟೀಚರ್:
ತಂಗಿ, ಏನೂ ಕೇಳಿಸ್ಲಿಲ್ಲಂತ ಅಳಬ್ಯಾಡ. ಬೈಬಲ್‌ದಾಗ 1 ಸಮುವೇಲ 3ನೇ ಅಧ್ಯಾಯ ಓದು. ದೇವರು ಮೂರು ಸಲ ಕರದ್ರೂ ಹುಡುಗ ಸಮುವೇಲಗ ತಿಳೀಲಿಲ್ಲ, ಮುದಿ ಯಾಜಕ ಏಲಿನೇ ಕರದ ಅಂತ ಓಡಿ ಓಡಿ ಅವನ ಹಂತ್ಯಾಕ ಹೋದ. ಆ ಮುದುಕ ಏನ್ ಮಾಡ್ದ ನೋಡು, ದೇವರು ನಿಂಗ ಹಿಂಗಿಂಗ ಹೇಳ್ಯಾನ ಅಂತ ತಾನೇ ಹೇಳ್ಲಿಲ್ಲ, ಹೋಗಿ ಮಲಕೋ, ಮತ್ತ ಕರದ್ರ ಅಪ್ಪಣೆಯಾಗಲಿ ಅನ್ನು ಅಂತ ಹುಡುಗನ್ನೇ ವಾಪಸ್ ಕಳಿಸ್ದ. ಬಂದ ಮಾತು ಏಲಿ ಮನಿತನದ ಮ್ಯಾಲಿನ ನ್ಯಾಯತೀರ್ಪೇ ಇತ್ತು, ಆದ್ರೂ ಮುಚ್ಚಿಡಬ್ಯಾಡ ಅಂದ. ಅಂಥವರ ಹತ್ರ ಕೇಳವ್ವ. ನಿನ್ನ ಹೆಸರೂ ಕೇಳದೆ ತೀರ್ಪು ಕೊಟ್ಟು ಗಾಡಿ ಹತ್ತೋರ ಮಾತಿಗಿ ಅಷ್ಟು ಅಂಜಬ್ಯಾಡ.

ಕಲಬುರಗಿಯಂವ:
ನಂದು ಕೇಳ್ರಿ. ಕಣ್ಣು ಮುಚ್ಚಿ ಬೈಬಲ್ ತೆಗೆದು ಬಟ್ಟು ಇಟ್ಟೆ, ಆದಿಕಾಂಡ 12, ಸ್ವದೇಶ ಬಿಟ್ಟು ಹೋಗು ಅಂತ ಬಂತು, ಇದ್ದ ಕೆಲಸ ಬಿಟ್ಟು ಪುಣೆಕ್ಕ ಹೋದೆ, ಎಂಟೇ ತಿಂಗಳಿಗಿ ಸಾಲ ಹೊತ್ಕೊಂಡು ಬಂದೆ. ಅದು ಅಬ್ರಾಮಗ ಹೇಳಿದ ಮಾತು, ನಾ ಹಿಂದಿಂದು ಮುಂದಿಂದು ಓದಲೇ ಇಲ್ಲ, ಹೋಗ್ಬೇಕಂತ ಮೊದಲೇ ಠರಾಯಿಸಿದ್ದೆ. ನಾವು ಮೆಥೊಡಿಸ್ಟರು, ನಮ್ಮ ಪಂಗಡ ಶುರು ಮಾಡಿದ ಜಾನ್ ವೆಸ್ಲಿನೇ ಕನಸು, ದನಿ, ದರ್ಶನ ಇವೆಲ್ಲ ದೇವರದೇ ಅಂತ ಗಡಿಬಿಡಿಲೆ ನಂಬಬ್ಯಾಡ್ರಿ, ವಚನಕ್ಕ ಹಚ್ಚಿ ನೋಡ್ರಿ ಅಂದಾರ. ಹಂಗಂತ ಪ್ರವಾದನೆ, ಅಂದ್ರ ದೇವರ ಹೆಸರಿಲೆ ಹೇಳೋ ಮಾತು, ಹೀನೈಸೋದೂ ತಪ್ಪು, 1 ಥೆಸಲೋನಿಕ 5ರಾಗ ಹೀನೈಸಬ್ಯಾಡ್ರಿ, ಪರೀಕ್ಷಿಸ್ರಿ ಅಂತ ಎರಡೂ ಅದ.

ಕಲಬುರಗಿ ಕ್ಯಾಥೊಲಿಕ್:
ನಮ್ಮಲ್ಲಿ ಜೆಸ್ವಿಟ್ ಗುರುಗಳ ಸಂಘ ಕಟ್ಟಿದ ಸಂತ ಇಗ್ನೇಷಿಯಸ್ ಕಲಿಸಿದ್ದು ಹೇಳ್ತೀನಿ. 1521ರಾಗ ಯುದ್ಧದಾಗ ಫಿರಂಗಿ ಗುಂಡು ಬಡ್ದು ಕಾಲು ಮುರೀತು, ಹಾಸಿಗ್ಯಾಗ ಬಿದ್ಕೊಂಡೇ ಮನಸು ನೋಡ್ಕೊಂಡ್ರು. ದರ್ಬಾರು, ಶೌರ್ಯದ ವಿಚಾರ ಮಾಡೋ ತನಕ ಖುಷಿ, ಆಮ್ಯಾಲ ಒಣ ಒಣ. ಸಂತರಂಗ ಬದುಕಬೇಕು ಅಂದ್ಕೊಂಡ್ರ ಆಮ್ಯಾಲೂ ಸಮಾಧಾನ ಉಳೀತಿತ್ತು. ಅದಕ್ಕ ದಿನಾ ಸಂಜಿಕ ಎರಡು ಸಾಲು ಬರಿ, ಹೋಗ್ತೀನಿ ಅಂದ್ಕೊಂಡ ದಿನ ಹ್ಯಾಂಗಿತ್ತು, ಇರ್ತೀನಿ ಅಂದ್ಕೊಂಡ ದಿನ ಹ್ಯಾಂಗಿತ್ತು. ಮನಸು ಕುಗ್ಗಿದಾಗ ಮೊದಲಿನ ನಿರ್ಧಾರ ಬದಲಿ ಮಾಡಬಾರದು, ಇದೂ ಅವರದೇ ಮಾತು.

ಬೀದರ್ ಹುಡುಗಿ:
ಎಲ್ಲರಿಗೂ ಥ್ಯಾಂಕ್ಸ್ ರೀ. ನಿನ್ನಿ ಅವ್ವ ಮರದಾಗ ತೊಗರಿ ಬ್ಯಾಳಿ ಹಸನ ಮಾಡ್ಲತ್ತಿದ್ಳು, ಬಾಜೂಕ ಕುಂತು ಕೇಳ್ದೆ, ಅವ್ವಾ ನಿಂಗ ದೇವರು ಏನರ ಹೇಳ್ಯಾನೇನು ಅಂತ. ಕಲ್ಲು ಆರಿಸೋ ಕೈ ನಿಂತೇ ಬಿಡ್ತು. ನಂಗೇನೂ ಹೇಳಿಲ್ಲವ್ವಾ, ರಾತ್ರಿ ಒಬ್ಬಾಕೇ ಇರ್ಬೇಕಲ್ಲ ಅಂತ ಅಂಜಿಕಿ ಅಂದ್ಳು. ಇಬ್ರೂ ಅತ್ವಿ. ಈ ಐತವಾರ ಆರಾಧನಿ ಆದಮ್ಯಾಲ ನಮ್ಮ ಪಾಸ್ಟರ್ ಹಂತ್ಯಾಕ ಇಬ್ರೂ ಕೂಡೇ ಹೋಗ್ತೀವಿ.