ಮನೆಯ ಫೈಲ್ ಸರ್ವರ್: ಯಾವ ಭಾಗಕ್ಕೆ ಹಣ ಹಾಕಬೇಕು?

ಪ್ರಶ್ನೆ: ಕುಟುಂಬದ ಫೋಟೊ, ವಿಡಿಯೊ ಮತ್ತು ದಾಖಲೆಗಳನ್ನು ಇಡಲು ನಾಲ್ಕು ಹಾರ್ಡ್ ಡಿಸ್ಕ್‌ಗಳ ಸರ್ವರ್ ಜೋಡಿಸಬೇಕೆಂದಿದ್ದೇನೆ. ವೇಗ ಮುಖ್ಯವಲ್ಲ, ವರ್ಷಗಟ್ಟಲೆ ನಂಬಿ ಬಳಸುವಂತಿರಬೇಕು. ಬಳಸಿ ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಪ್ರೊಸೆಸರ್‌ಗೆಂದು ತೆಗೆದಿಟ್ಟ ಹಣದಲ್ಲಿ ಒಂದು ಪಾಲನ್ನು ಪವರ್ ಸಪ್ಲೈಗೆ ಕೊಡಿ. ನನ್ನ ಸರ್ವರ್‌ನಲ್ಲಿ ಒಂದು ಡಿಸ್ಕ್ ಪದೇ ಪದೇ ರೇಡ್‌ನಿಂದ (ಒಂದು ಡಿಸ್ಕ್ ಕೆಟ್ಟರೂ ದತ್ತಾಂಶ ಉಳಿಯುವಂತೆ ಹಲವು ಡಿಸ್ಕ್‌ಗಳನ್ನು ಒಂದಾಗಿಸುವ ಜೋಡಣೆ) ಕಳಚಿಕೊಳ್ಳುತ್ತಿತ್ತು. ಅದು ಕೆಟ್ಟಿದೆಯೆಂದು ಹೊಸದನ್ನು ಹಾಕಿದೆ; ಕೆಲವೇ ವಾರಗಳಲ್ಲಿ ಹೊಸದೂ ಕಳಚಿತು. ಆಗ ಡಿಸ್ಕ್ ತನ್ನ ಸ್ಥಿತಿಯ ಬಗ್ಗೆ ತಾನೇ ಇಡುವ ಸ್ಮಾರ್ಟ್ ವರದಿಯನ್ನು ಸಾವಧಾನವಾಗಿ ಓದಿದರೆ, ಕೆಟ್ಟ ಸೆಕ್ಟರ್‌ಗಳ ಲೆಕ್ಕ ಹೇಳುವ 5 ಮತ್ತು 197ನೆಯ ಸಾಲುಗಳು ಸೊನ್ನೆಯಲ್ಲೇ ಇದ್ದವು; ಡಿಸ್ಕ್‌ಗೂ ಮದರ್‌ಬೋರ್ಡ್‌ಗೂ ನಡುವೆ ದತ್ತಾಂಶ ಸಾಗುವಾಗ ಆಗುವ ದೋಷಗಳನ್ನು ಎಣಿಸುವ 199ನೆಯ ಸಾಲು ಮಾತ್ರ ಏರುತ್ತಿತ್ತು. ಡಿಸ್ಕನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಸಾಟಾ ಕೇಬಲ್ ಬದಲಿಸಿದ ಮೇಲೆ ಆ ಏರಿಕೆ ನಿಂತಿತಾದರೂ, ಯಂತ್ರ ಆನ್ ಮಾಡಿದಾಗ ಡಿಸ್ಕ್ ಕಾಣದಿರುವುದು ಮುಂದುವರಿಯಿತು. 3.5 ಇಂಚಿನ ಡಿಸ್ಕ್ ತಿರುಗಲು ತೊಡಗುವಾಗ 12 ವೋಲ್ಟ್‌ನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ, ಸಾಟಾ ಪವರ್ ಕನೆಕ್ಟರ್‌ನ ಮಿತಿಯೋ 4.5 ಆಂಪಿಯರ್. ಒಂದೇ ಕನೆಕ್ಟರ್‌ಗೆ ಸ್ಪ್ಲಿಟರ್ ಸಿಕ್ಕಿಸಿ ನಾಲ್ಕೂ ಡಿಸ್ಕ್‌ಗಳಿಗೆ ಹಂಚಿದ್ದು ನನ್ನದೇ ತಪ್ಪು. ಸಾಕಷ್ಟು ಸಾಟಾ ಕನೆಕ್ಟರ್‌ಗಳಿರುವ ಒಳ್ಳೆಯ ಪವರ್ ಸಪ್ಲೈ ಹಾಕಿದ ಮೇಲೆ ಆ ತೊಂದರೆ ಮರುಕಳಿಸಿಲ್ಲ, ಮತ್ತು ಮೊದಲು ತೆಗೆದಿಟ್ಟ ಡಿಸ್ಕ್ ಇಂದಿಗೂ ಸರಿಯಾಗಿಯೇ ಇದೆ.

ಡಿಸ್ಕ್ ಕೊಳ್ಳುವಾಗ ಮಾದರಿ ಸಂಖ್ಯೆ ನೋಡಿ, ಅದು ಸಿಎಂಆರ್ (ಬರೆಯುವ ಪಥಗಳು ಒಂದರ ಮೇಲೊಂದು ಹಾಯದ ಬಗೆ) ಎಂದು ಖಚಿತಪಡಿಸಿಕೊಳ್ಳಿ. ಎಸ್‌ಎಂಆರ್ ಡಿಸ್ಕ್‌ಗಳಲ್ಲಿ ಬರೆಯುವ ಪಥಗಳು ಒಂದರ ಮೇಲೊಂದು ಭಾಗಶಃ ಹಾಯುವುದರಿಂದ, ರೇಡ್ ಮರುಜೋಡಣೆಯಂತಹ ಎಡೆಬಿಡದ ಬರವಣಿಗೆ ಬಂದಾಗ ಅವು ತೀರಾ ನಿಧಾನವಾಗುತ್ತವೆ. ನ್ಯಾಸ್‌ಗೆಂದೇ (ನೆಟ್‌ವರ್ಕ್ ಮೂಲಕ ಬಳಸುವ ಇಂತಹ ಫೈಲ್ ಸರ್ವರ್‌ಗೆಂದೇ) ಮಾರುತ್ತಿದ್ದ ರೆಡ್ ಸರಣಿಯ 2ರಿಂದ 6 ಟಿಬಿ ವರೆಗಿನ ಕೆಲವು ಮಾದರಿಗಳು ಎಸ್‌ಎಂಆರ್ ಎಂದು ವೆಸ್ಟರ್ನ್ ಡಿಜಿಟಲ್ 2020ರಲ್ಲಿ ಒಪ್ಪಿಕೊಂಡಿತು. ಹೀಗಾಗಿ ಪೆಟ್ಟಿಗೆಯ ಮೇಲೆ ನ್ಯಾಸ್ ಎಂದಿದ್ದರಷ್ಟೇ ಸಾಲದು.

ಉತ್ತರ 2: ಮೇಲಿನವರ ಮಾತಿಗೆ ತನ್ನಲ್ಲಾಗುವ ಬಿಟ್ ದೋಷವನ್ನು ತಿದ್ದಿಕೊಳ್ಳುವ ಇಸಿಸಿ ಮೆಮೊರಿಯನ್ನು ಸೇರಿಸುತ್ತೇನೆ. ಜೆಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆ ಪ್ರತಿ ಬ್ಲಾಕ್‌ಗೂ ಚೆಕ್‌ಸಮ್ (ದತ್ತಾಂಶ ಬದಲಾಗಿದೆಯೇ ಎಂದು ತಾಳೆ ನೋಡುವ ಸಂಖ್ಯೆ) ಇಟ್ಟು ಡಿಸ್ಕ್‌ನಲ್ಲಿ ಕೆಟ್ಟದ್ದನ್ನು ಹಿಡಿಯುತ್ತದೆ, ಆದರೆ ಚೆಕ್‌ಸಮ್ ಹಾಕುವ ಮೊದಲೇ ಮೆಮೊರಿಯಲ್ಲಿ ಒಂದು ಬಿಟ್ ತಿರುಗಿದ್ದರೆ ತಪ್ಪನ್ನೇ ಸರಿಯೆಂದು ಬರೆದಿಡುತ್ತದೆ. ಡಿಡಿಆರ್5 ಬಗೆಯ ಮೆಮೊರಿಯಲ್ಲಿ ಚಿಪ್‌ನೊಳಗೇ ಇರುವ ತಿದ್ದುಪಡಿಯನ್ನು ಪೂರ್ಣ ಇಸಿಸಿ ಎಂದುಕೊಳ್ಳಬೇಡಿ. ಚಿಪ್‌ನಿಂದ ಪ್ರೊಸೆಸರ್‌ವರೆಗಿನ ದಾರಿಯನ್ನು ಅದು ಕಾಯುವುದಿಲ್ಲ. ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಎರಡೂ ಇಸಿಸಿಯನ್ನು ಬೆಂಬಲಿಸುತ್ತವೆಯೇ ಎಂದು ಮೊದಲೇ ನೋಡಿಕೊಳ್ಳಿ.

ಉತ್ತರ 3: ಯುಪಿಎಸ್ ಕೊಂಡರೆ ಅದರ ಯುಎಸ್‌ಬಿ ತಂತಿಯನ್ನು ಸರ್ವರ್‌ಗೆ ಜೋಡಿಸಿ, ಬ್ಯಾಟರಿ ಮುಗಿಯುವ ಮುನ್ನ ತಾನಾಗಿಯೇ ಶಟ್‌ಡೌನ್ ಆಗುವಂತೆ ಹೊಂದಿಸಿರಿ, ಮತ್ತು ಒಮ್ಮೆ ಮೇನ್ಸ್ ಪ್ಲಗ್ ಕಿತ್ತು ಪರೀಕ್ಷಿಸಿರಿ. ನನ್ನದು ಮೊದಲ ಪರೀಕ್ಷೆಯಲ್ಲಿ ಶಟ್‌ಡೌನ್ ಆಗಲಿಲ್ಲ. ರೇಡ್ ಇದೆಯೆಂದು ಬ್ಯಾಕಪ್ ಬಿಡಬೇಡಿ. ಕೈತಪ್ಪಿ ಅಳಿಸಿದ ಫೋಟೊ ನಾಲ್ಕೂ ಡಿಸ್ಕ್‌ಗಳಿಂದ ಆ ಕ್ಷಣವೇ ಅಳಿದುಹೋಗುತ್ತದೆ. ನಾನು ಒಂದು ದೊಡ್ಡ ಡಿಸ್ಕ್‌ಗೆ ತಿಂಗಳಿಗೊಮ್ಮೆ ನಕಲು ಮಾಡಿ ಬೇರೆ ಮನೆಯಲ್ಲಿ ಇಡುತ್ತೇನೆ.