ಆ ಮೀಟಿಂಗ್‌ನಲ್ಲಿ ನಾನು ಬಾಯಿ ಬಿಡಲಿಲ್ಲ. ಅದು ನನ್ನ ಆಯ್ಕೆಯಾ, ಸನ್ನಿವೇಶವಾ?

ನೀಲಿಶಾಯಿ ಕೇಳಿದ್ದು

ಮೂರು ವಾರದಿಂದ ಒಂದು ವಿಷಯ ತಲೆ ಕೊರೆಯುತ್ತಿದೆ. ಮನೆಯಲ್ಲಿ ಹೇಳಿಕೊಳ್ಳಲು ಆಗಲಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ.

ನಮ್ಮ ತಂಡದಿಂದ ಹೊರಗೆ ಹೋದ ಒಂದು ವರದಿಯಲ್ಲಿ ಅಂಕಿ ತಪ್ಪಾಗಿತ್ತು. ಸಣ್ಣ ತಪ್ಪಲ್ಲ. ಮರುದಿನ ಮೇಲಿನವರು ಎಲ್ಲರನ್ನೂ ಕೂರಿಸಿಕೊಂಡು ಕಾರಣ ಕೇಳಿದರು. ಕೋಣೆಯಲ್ಲಿ ಒಂಬತ್ತು ಜನ ಇದ್ದೆವು. ಎರಡೇ ನಿಮಿಷದಲ್ಲಿ ಎಲ್ಲರ ಬೆರಳು ತಂಡದ ಅತಿ ಚಿಕ್ಕ ಹುಡುಗನ ಕಡೆ ತಿರುಗಿತು. ವರದಿ ತಯಾರಿಸಿದ್ದು ಅವನೇ, ನಿಜ. ಆದರೆ ಹಿಂದಿನ ರಾತ್ರಿ ಆ ಅಂಕಿಯನ್ನು ಬದಲಾಯಿಸಿದ್ದು ಅವನಲ್ಲ. ನಮ್ಮ ಹಿರಿಯರೊಬ್ಬರು. ಅದು ನನಗೆ ಗೊತ್ತಿತ್ತು, ಯಾಕೆಂದರೆ ಆ ಮೇಲ್ ನನಗೂ ಬಂದಿತ್ತು. ಆ ಹಿರಿಯರು ಅದೇ ಮೇಜಿನ ಆಚೆ ಬದಿ ಕೂತಿದ್ದರು.

"ಯಾರಿಗಾದರೂ ಏನಾದರೂ ಹೇಳುವುದಿದೆಯಾ?" ಎಂದು ಮೇಲಿನವರು ಕೇಳಿದರು. ನಾಲ್ಕೈದು ಸೆಕೆಂಡು ಯಾರೂ ಮಾತಾಡಲಿಲ್ಲ. ನಾನು ನೋಟ್‌ಬುಕ್‌ನಲ್ಲಿ ಬರೆದಿದ್ದ ತಾರೀಖಿನ ಮೇಲೇ ಮತ್ತೆ ಮತ್ತೆ ಪೆನ್ನು ಆಡಿಸುತ್ತಾ ಕೂತೆ. ಹುಡುಗ ಒಂದು ಸಲ ನನ್ನ ಕಡೆ ನೋಡಿದ. ಅಷ್ಟೇ. ಮೀಟಿಂಗ್ ಮುಗಿಯಿತು. ಅವನನ್ನು ಆ ಕೆಲಸದಿಂದ ತೆಗೆದು ಬೇರೆ ಕಡೆ ಹಾಕಿದರು.

ಇಷ್ಟೇ ಆಗಿದ್ದರೆ ಹೇಗೋ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಮುಂದಿನ ತಿಂಗಳು ಬಡ್ತಿಯ ತೀರ್ಮಾನ ಇದೆ. ಸಾಲದ ಕಂತು ಇದೆ. ಆ ಹಿರಿಯರ ಮಾತಿಗೆ ತೂಕ ಜಾಸ್ತಿ. ಇದೆಲ್ಲ ಸುಳ್ಳಲ್ಲ.

ಆದರೆ ಐದು ವರ್ಷದ ಹಿಂದೆ, ಬೇರೆ ಕಡೆ ಕೆಲಸದಲ್ಲಿದ್ದಾಗ, ಆ ಹುಡುಗನ ಜಾಗದಲ್ಲಿ ನಾನಿದ್ದೆ. ನಿಜ ಗೊತ್ತಿದ್ದ ನನ್ನ ಗೆಳತಿ ಎದುರಿಗೇ ಕೂತು ತಲೆ ತಗ್ಗಿಸಿದಳು. ಅವಳನ್ನು ಪುಕ್ಕಲಿ ಅಂದೆ. ಮುಖಕ್ಕೇ ಅಂದೆ. ಅವಳು ಏನೋ ಹೇಳಲು ಬಂದಳು, ನಾನು ಕೇಳಿಸಿಕೊಳ್ಳಲಿಲ್ಲ. ಅವತ್ತಿನಿಂದ ಮಾತಿಲ್ಲ.

ಅವಳು ಸುಮ್ಮನಿದ್ದಾಗ ಅದು ಅವಳ ಗುಣ. ನಾನು ಸುಮ್ಮನಿದ್ದಾಗ ಅದು ಸನ್ನಿವೇಶ. ಇದು ಹೇಗೆ ಸಾಧ್ಯ? ಒಂದೋ ಇಬ್ಬರೂ ಪುಕ್ಕಲಿಯರು, ಇಲ್ಲ ಇಬ್ಬರೂ ಸಿಕ್ಕಿಹಾಕಿಕೊಂಡವರು. ಮನುಷ್ಯ ನಡೆದುಕೊಳ್ಳುವ ರೀತಿಯಲ್ಲಿ ಅವನ ಸ್ವಂತ ಆಯ್ಕೆ ಎಷ್ಟು, ಸುತ್ತಲಿನದ್ದು ಎಷ್ಟು? ಸಮಾಧಾನದ ಮಾತು ಬೇಡ. ನಿಜವಾಗಿ ತಿಳಿಯಬೇಕು.

ಸೀಮೆಸುಣ್ಣ ಉತ್ತರಿಸಿದ್ದು

ನಾನು ಬಹಳ ವರ್ಷ ಮನಶ್ಶಾಸ್ತ್ರ ಪಾಠ ಮಾಡಿದವಳು. ನಿಮ್ಮ ಪ್ರಶ್ನೆಯ ಬಾಲದಿಂದ ಶುರು ಮಾಡುತ್ತೇನೆ.

ಗೆಳತಿಗೆ ಒಂದು ಅಳತೆಗೋಲು, ನಿಮಗೆ ಇನ್ನೊಂದು. ಇದನ್ನು ಎಡ್ವರ್ಡ್ ಜೋನ್ಸ್ ಮತ್ತು ರಿಚರ್ಡ್ ನಿಸ್ಬೆಟ್ 1971ರಲ್ಲೇ ವಿವರಿಸಿದ್ದರು. ನಾವು ಏನಾದರೂ ಮಾಡುವಾಗ ನಮ್ಮ ಕಣ್ಣು ಹೊರಗೆ ನೋಡುತ್ತಿರುತ್ತದೆ. ಮೇಜು, ಮುಖಗಳು, ಮುಂದಿನ ತಿಂಗಳ ಬಡ್ತಿ, ಎಲ್ಲ ಕಾಣುತ್ತದೆ. ಬೇರೆಯವರು ಮಾಡುವಾಗ ನಮಗೆ ಕಾಣುವುದು ಅವರು ಮಾತ್ರ. ಅವರ ಕಣ್ಣಿಗೆ ಏನು ಕಾಣುತ್ತಿದೆ ಅನ್ನುವುದು ನಮಗೆ ಕಾಣುವುದಿಲ್ಲ. 2006ರಲ್ಲಿ ಬರ್ಟ್ರಮ್ ಮ್ಯಾಲೆ 173 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಒಟ್ಟಾರೆ ಈ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ ಇತ್ತು. ಆದರೆ ಕೆಟ್ಟದ್ದು ನಡೆದಾಗ ಮಾತ್ರ ಅದು ಹಾಗೇ ಉಳಿದಿತ್ತು. ಒಳ್ಳೆಯದು ನಡೆದಾಗ ಉಲ್ಟಾ. ಅಂದರೆ ನಿಮ್ಮದು ವಿಚಿತ್ರ ಮನಸ್ಸಲ್ಲ.

ಇನ್ನು ಆ ನಾಲ್ಕೈದು ಸೆಕೆಂಡು. ಅದನ್ನು ಓದುವಾಗ ನನಗೆ ಸಾಲಮನ್ ಆಶ್ ಪ್ರಯೋಗ ನೆನಪಾಯಿತು. 1950ರ ದಶಕದ ಆರಂಭದ ಕೆಲಸ. ಒಂದು ಕೋಣೆಯಲ್ಲಿ ಕೆಲವರನ್ನು ಕೂರಿಸಿ ಒಂದು ಗೆರೆ ತೋರಿಸುತ್ತಾರೆ. ಪಕ್ಕದಲ್ಲಿ ಮೂರು ಗೆರೆ. ಯಾವುದು ಅದರಷ್ಟೇ ಉದ್ದ, ಹೇಳಬೇಕು. ಸಣ್ಣ ಮಗುವೂ ಹೇಳಬಹುದು. ಆದರೆ ಅಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಹೇಳಿಕೊಟ್ಟು ಕರೆತಂದವರು. 18 ಸುತ್ತುಗಳಲ್ಲಿ 12 ಸಲ ಅವರೆಲ್ಲ ಒಂದೇ ತಪ್ಪು ಉತ್ತರ ಹೇಳುತ್ತಾರೆ. ಏನೂ ಗೊತ್ತಿಲ್ಲದ ಆ ಒಬ್ಬರ ಸರದಿ ಕೊನೆಗೆ ಬರುತ್ತದೆ.

ಸುಮಾರು ಮುಕ್ಕಾಲು ಪಾಲು ಜನ ಒಂದು ಸಲವಾದರೂ ಗುಂಪಿನ ತಪ್ಪಿಗೆ ತಲೆಯಾಡಿಸಿದರು. ಅಲ್ಲಿ ಕೆಲಸ ಹೋಗುವ ಭಯ ಇರಲಿಲ್ಲ, ಸಾಲ ಇರಲಿಲ್ಲ. ಪರಿಚಯವೇ ಇಲ್ಲದ ಜನ, ಬರೀ ಗೆರೆ. ಆದರೂ ಹಾಗಾಯಿತು. ನಿಮ್ಮ ಕೋಣೆಯಲ್ಲಿ ಎಷ್ಟೊಂದು ಇತ್ತು, ನೋಡಿ.

ಕಾಲು ಪಾಲು ಜನ ಒಂದು ಸಲವೂ ಬಗ್ಗಲಿಲ್ಲ. ಆಮೇಲೆ ಮಾತಾಡಿಸಿದಾಗ ಅವರಲ್ಲೂ ಕೆಲವರು ಒಳಗೊಳಗೇ ಅನುಮಾನಪಟ್ಟಿದ್ದರು ಅಂತ ಗೊತ್ತಾಯಿತು. ಅವರಿಗೂ ಎದೆ ಹೊಡೆದುಕೊಂಡಿತ್ತು, ಆದರೂ ಕಂಡದ್ದನ್ನೇ ಹೇಳಿದರು.

ನನಗೆ ತುಂಬಾ ಇಷ್ಟವಾದ ಭಾಗ ಇನ್ನೊಂದಿದೆ. ಆಶ್ ಅಂಥದೇ ಇನ್ನೊಂದು ಗುಂಪಿನಲ್ಲಿ ಸರಿ ಉತ್ತರ ಹೇಳುವ ಇನ್ನೊಬ್ಬರನ್ನು ಕೂರಿಸಿದರು. ಒಬ್ಬರೇ ಒಬ್ಬರು. ಮೊದಲು ಹೆಚ್ಚುಕಡಿಮೆ ಮೂರನೇ ಒಂದು ಪಾಲು ಉತ್ತರಗಳು ಗುಂಪಿನ ಕಡೆ ವಾಲಿದ್ದವು. ಈಗ ಅದು ಶೇಕಡಾ 5ರ ಹತ್ತಿರಕ್ಕೆ ಬಂತು. ಉತ್ತರವನ್ನು ಎಲ್ಲರೆದುರು ಹೇಳುವ ಬದಲು ತಾವಷ್ಟೇ ಬರೆದುಕೊಡಿ ಅಂದಾಗಲೂ ಬಗ್ಗುವುದು ಕಡಿಮೆಯಾಯಿತು. ಮನುಷ್ಯರು ಅಂಥವರೇ, ಗೆರೆಗಳು ಅಂಥವೇ.

ಹಾಗಾಗಿ ಆಯ್ಕೆ ಎಷ್ಟು, ಸನ್ನಿವೇಶ ಎಷ್ಟು ಅಂತ ಪಾಲು ಮಾಡಲು ನನಗೆ ಬರುವುದಿಲ್ಲ. ಆ ಮೇಲ್ ನಿಮ್ಮನ್ನು ಬಿಟ್ಟು ಇನ್ನು ಯಾರಿಗೆ ಹೋಗಿತ್ತು? ಅದನ್ನು ಹೇಳಿ.

ಮೂಲೆಕುರ್ಚಿ ಉತ್ತರಿಸಿದ್ದು

ನಾನು ಆ ಹುಡುಗನ ಜಾಗದಲ್ಲಿ ಕೂತವನು. ನನ್ನ 23ನೇ ವಯಸ್ಸಿನಲ್ಲಿ. ಹಾಗಾಗಿ ನನ್ನ ಮಾತು ಸ್ವಲ್ಪ ಒರಟಾದರೆ ತಪ್ಪು ತಿಳಿಯಬೇಡಿ.

ಮೇಲಿನ ಉತ್ತರ ಚೆನ್ನಾಗಿದೆ. ಒಂದೊಂದು ಮಾತೂ ನಿಜ ಇರಬಹುದು. ಆದರೆ ಅವತ್ತು ರಾತ್ರಿ ನಾನು ನಿದ್ದೆ ಇಲ್ಲದೆ ಗೋಡೆ ನೋಡುತ್ತಿದ್ದಾಗ ಯಾರಾದರೂ ಬಂದು "ಮುಕ್ಕಾಲು ಪಾಲು ಜನ ಹೀಗೇ ಮಾಡುತ್ತಾರೆ" ಅಂದಿದ್ದರೆ ನನಗೆ ಏನೂ ಆಗುತ್ತಿರಲಿಲ್ಲ. ನನಗೆ ಬೇಕಾಗಿದ್ದು ಒಬ್ಬರು.

ಮಿಲ್‌ಗ್ರಾಮ್ ಪ್ರಯೋಗದ ಬಗ್ಗೆ ನೀವೂ ಓದಿರುತ್ತೀರಿ. 1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಶುರುವಾಗಿದ್ದು. ಗೋಡೆಯ ಆಚೆ ಇರುವವನು ತಪ್ಪು ಹೇಳಿದಾಗಲೆಲ್ಲ ಕರೆಂಟ್ ಶಾಕ್ ಕೊಡಬೇಕು ಅಂತ ಹೇಳಿದ್ದರು. ಶಾಕ್ ನಿಜವಲ್ಲ, ಕೊಡುವವರಿಗೆ ಅದು ಗೊತ್ತಿಲ್ಲ. 40 ಜನರಲ್ಲಿ 26 ಜನ ಕೊನೆಯ 450 ವೋಲ್ಟ್‌ವರೆಗೂ ಹೋದರು. ಎಲ್ಲರೂ ಈ 26 ಜನರ ಬಗ್ಗೆಯೇ ಮಾತಾಡುತ್ತಾರೆ. ಉಳಿದ 14 ಜನ ನಿಲ್ಲಿಸಿದರು. ಐದು ಜನ 300 ವೋಲ್ಟ್‌ಗೇ ಆಗುವುದಿಲ್ಲ ಅಂದರು. ಅದೇ ಕೋಣೆ, ಅದೇ ಯಂತ್ರ, "ಮುಂದುವರಿಸಿ" ಅನ್ನುವ ಅದೇ ದನಿ. ಸನ್ನಿವೇಶವೇ ಎಲ್ಲ ಆಗಿದ್ದರೆ ಆ 14 ಜನ ಎಲ್ಲಿಂದ ಬಂದರು?

ಆ ಐದು ಸೆಕೆಂಡನ್ನು ನಾನು ನಿಮಗೆ ಬಿಟ್ಟುಕೊಡುತ್ತೇನೆ. ನಿಜವಾಗಿ. ಯಾರ ನಾಲಿಗೆಯೂ ಅಂಟಿಕೊಳ್ಳಬಹುದು. ನನ್ನದೂ ಅಂಟಿಕೊಂಡಿದೆ, ಬೇರೆ ಜಾಗದಲ್ಲಿ.

ಆದರೆ ನೀವು ಮೊದಲ ಸಾಲಿನಲ್ಲೇ ಮೂರು ವಾರ ಅಂತ ಬರೆದಿದ್ದೀರಿ. ಆ ಐದು ಸೆಕೆಂಡು ಕೋಣೆಯದ್ದು. ಆಮೇಲಿನ ಮೂರು ವಾರ ಯಾರದ್ದು? ಅಲ್ಲಿ ಒಂಬತ್ತು ಜನ ಇರಲಿಲ್ಲ. ನೀವೊಬ್ಬರೇ ಇದ್ದಿರಿ. ಮೇಲ್ ನಿಮ್ಮ ಹತ್ತಿರ ಇತ್ತು. ಹುಡುಗನ ನಂಬರ್ ಕೂಡ ಇತ್ತು ಅಂದುಕೊಳ್ಳುತ್ತೇನೆ.

ಗಾಳಿಪಟ ಉತ್ತರಿಸಿದ್ದು

ಮೂಲೆಕುರ್ಚಿ ಅವರ ಸಿಟ್ಟು ಅರ್ಥವಾಗುತ್ತದೆ. ಆದರೆ ಆ ಮೂರು ವಾರವೂ ಪೂರ್ತಿ ಖಾಲಿ ಜಾಗ ಅಲ್ಲ ಅಂತ ನನಗೆ ಅನಿಸುತ್ತದೆ.

ನಾನು ಚಿಕ್ಕ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ. "ಈ ಮಗುವಿಗೆ ತಾಳ್ಮೆಯೇ ಇಲ್ಲ" ಅಂತ ದೊಡ್ಡವರು ಹೇಳುವುದನ್ನು ಕೇಳಿ ಕೇಳಿ ಸಾಕಾಗಿದೆ. ಮಾರ್ಷ್‌ಮ್ಯಾಲೋ ಪ್ರಯೋಗ ನೆನಪಿದೆಯಾ? ಒಂದು ಮಿಠಾಯಿ ಮುಂದೆ ಇಟ್ಟು, ತಿನ್ನದೆ ಕಾದರೆ ಎರಡು ಕೊಡುತ್ತೇವೆ ಅನ್ನುವುದು. ವಾಲ್ಟರ್ ಮಿಶೆಲ್ ಸ್ಟ್ಯಾನ್‌ಫರ್ಡ್‌ನಲ್ಲಿ ಮಾಡಿದ್ದು. ಕಾದ ಮಕ್ಕಳು ಮುಂದೆ ಓದಿನಲ್ಲೂ ಚೆನ್ನಾಗಿ ಮಾಡಿದರು, ಮನೋಬಲವೇ ಎಲ್ಲ ಅಂತ ಜನ ಬಹಳ ಕಾಲ ನಂಬಿದ್ದರು. 2018ರಲ್ಲಿ 900ಕ್ಕೂ ಜಾಸ್ತಿ ಮಕ್ಕಳ ಮಾಹಿತಿ ಇಟ್ಟು ಮತ್ತೆ ನೋಡಿದರು. ಮಗುವಿನ ಮನೆಯ ಪರಿಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಆ ನಂಟು ತುಂಬಾ ತೆಳ್ಳಗಾಯಿತು.

ನಾನು ಹೇಳಬೇಕೆಂದಿದ್ದು 2013ರಲ್ಲಿ ಪ್ರಕಟವಾದ ಇನ್ನೊಂದು. ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸೆಲೆಸ್ಟ್ ಕಿಡ್ ಮತ್ತು ಜೊತೆಗಾರರು ಮಾಡಿದ್ದು. ಬರೀ 28 ಮಕ್ಕಳು, ಹಾಗಾಗಿ ಚಿಕ್ಕ ಪ್ರಯೋಗವೇ. ಮಿಠಾಯಿ ತೋರಿಸುವ ಮೊದಲು ಒಬ್ಬ ದೊಡ್ಡವರು ಬಂದು, "ಸ್ವಲ್ಪ ಕಾದರೆ ಇದಕ್ಕಿಂತ ಒಳ್ಳೆಯ ಬಣ್ಣದ ಕಡ್ಡಿ ತರುತ್ತೇನೆ" ಅನ್ನುತ್ತಾರೆ. 14 ಮಕ್ಕಳಿಗೆ ತಂದುಕೊಟ್ಟರು. ಇನ್ನು 14 ಮಕ್ಕಳ ಹತ್ತಿರ ಬರಿಗೈಯಲ್ಲಿ ವಾಪಸ್ ಬಂದು, "ಇಲ್ಲ, ಕ್ಷಮಿಸು" ಅಂದರು. ಸ್ಟಿಕ್ಕರ್ ವಿಷಯದಲ್ಲೂ ಹಾಗೇ. ಆಮೇಲೆ ಮಿಠಾಯಿ ಇಟ್ಟರು. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮೋಸ ಹೋದ ಮಕ್ಕಳು 3 ನಿಮಿಷ. ಪೂರ್ತಿ 15 ನಿಮಿಷ ಕಾದವರು ಆ ಕಡೆ ಒಂಬತ್ತು, ಈ ಕಡೆ ಒಂದೇ ಮಗು.

ಆ ಮಕ್ಕಳಿಗೆ ತಾಳ್ಮೆ ಇರಲಿಲ್ಲ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಆಗಷ್ಟೇ ಕಲಿತ ಪಾಠದ ಪ್ರಕಾರ ಅವರು ಸರಿಯಾಗಿಯೇ ಲೆಕ್ಕ ಹಾಕಿದ್ದರು. ಈ ದೊಡ್ಡವರನ್ನು ನಂಬಿ ಕೂತರೆ ಇರುವುದೂ ಹೋಗುತ್ತದೆ ಅಂತ. ಅದೂ ಆಯ್ಕೆಯೇ ಅಲ್ವಾ? ಆದರೆ ಆ ಆಯ್ಕೆಯೊಳಗೆ ಸನ್ನಿವೇಶ ಕರಗಿ ಹೋಗಿದೆ, ನೀರಿನಲ್ಲಿ ಉಪ್ಪಿನ ಹಾಗೆ. ಬೇರೆ ಮಾಡಿ ತೆಗೆಯಲು ಆಗುವುದಿಲ್ಲ.

ಅದಕ್ಕೆ ನೀಲಿಶಾಯಿ ಅವರಿಗೆ ಒಂದು ಪ್ರಶ್ನೆ. ನಿಮ್ಮ ಆಫೀಸಿನಲ್ಲಿ ಈ ಮೊದಲು ಎದ್ದು ಮಾತಾಡಿದವರಿಗೆ ಏನಾಯಿತು? ಅವರಿಗೆ ಒಳ್ಳೆಯದಾಗಿದ್ದನ್ನು ನೀವು ಒಂದು ಸಲವಾದರೂ ನೋಡಿದ್ದೀರಾ?

ಎರಡನೇ ಸಾಲು ಉತ್ತರಿಸಿದ್ದು

ಎಲ್ಲರೂ ಹುಡುಗನ ಬಗ್ಗೆಯೇ ಮಾತಾಡುತ್ತಿದ್ದೀರಿ. ಆ ಗೆಳತಿ? ಅವಳು ಏನೋ ಹೇಳಲು ಬಂದಳು ಅಂತ ಬರೆದಿದ್ದೀರಿ. ಅದೇನು ಅಂತ ಇವತ್ತಿಗೂ ನಿಮಗೆ ಗೊತ್ತಿಲ್ಲವಾ?

ನೀಲಿಶಾಯಿ ಮತ್ತೆ ಬರೆದಿದ್ದು

ನಾಲ್ಕು ದಿನ ಈ ಕಡೆ ಬರಲಿಲ್ಲ. ಮೂಲೆಕುರ್ಚಿ ಅವರ "ಆಮೇಲಿನ ಮೂರು ವಾರ ಯಾರದ್ದು" ಓದಿದ ಮೇಲೆ ಏನು ಬರೆಯಲೂ ಕೈ ಬರಲಿಲ್ಲ. ಉತ್ತರ ನನಗೆ ಗೊತ್ತಿತ್ತು. ಅದು ನನ್ನದೇ.

ಗಾಳಿಪಟ ಅವರ ಪ್ರಶ್ನೆಗೆ: ನಾನು ಸೇರಿದ ಮೇಲೆ ಇಬ್ಬರು ಹಾಗೆ ಮಾತಾಡಿದ್ದನ್ನು ನೋಡಿದ್ದೇನೆ. ಒಬ್ಬರು ಆರು ತಿಂಗಳೊಳಗೆ ಕೆಲಸ ಬಿಟ್ಟರು. ಇನ್ನೊಬ್ಬರು ಇದ್ದಾರೆ, ಆದರೆ ಅವರನ್ನು ಈಗ ಯಾವ ಮೀಟಿಂಗ್‌ಗೂ ಕರೆಯುವುದಿಲ್ಲ. ಇದನ್ನೆಲ್ಲ ನಾನು ನೋಡುತ್ತಲೇ ಇದ್ದೆ, ಕಲಿಯುತ್ತಿದ್ದೇನೆ ಅಂತ ಗೊತ್ತಿರಲಿಲ್ಲ.

ಸೀಮೆಸುಣ್ಣ ಅವರು ಕೇಳಿದ ಮೇಲೆ ಆ ಮೇಲ್ ತೆಗೆದು ನೋಡಿದೆ. ನನ್ನ ಜೊತೆ ಇನ್ನೊಬ್ಬರಿಗೆ ಹೋಗಿತ್ತು. ಅವತ್ತು ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದವರು. ಅವರನ್ನು ಹೊರಗೆ ಕರೆದು ಕೇಳಿದೆ. ಅವರು ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ನೀವು ಆ ಮೇಲ್ ಓದಿಲ್ಲ ಅಂದುಕೊಂಡಿದ್ದೆ. ಓದಿದ್ದರೆ ನೀವು ಹೇಳುತ್ತಿದ್ದಿರಿ ಅಲ್ವಾ ಅಂತ" ಅಂದರು. ಒಂದು ಅಡಿ ದೂರದಲ್ಲಿ ಕೂತು ಇಬ್ಬರೂ ಒಬ್ಬೊಬ್ಬರೇ ಆಗಿದ್ದೆವು.

ಅವತ್ತು ಸಂಜೆಯೇ ಇಬ್ಬರ ಹೆಸರಲ್ಲೂ ಮೇಲಿನವರಿಗೆ ಬರೆದೆವು. ಹಳೆಯ ಮೇಲ್ ಜೊತೆಗೆ ಇಟ್ಟೆವು. ಯಾರನ್ನೂ ಬೈಯಲಿಲ್ಲ, ಯಾವ ರಾತ್ರಿ ಏನು ಬದಲಾಯಿತು ಅಂತ ಮಾತ್ರ ಬರೆದೆವು. ಕಳಿಸುವ ಗುಂಡಿ ಒತ್ತುವಾಗ ನನ್ನ ಕೈ ನಡುಗುತ್ತಿತ್ತು. ಅವರು ಪಕ್ಕದಲ್ಲಿ ಇಲ್ಲದಿದ್ದರೆ ನಾನು ಒತ್ತುತ್ತಿರಲಿಲ್ಲ, ಇದನ್ನು ಮುಚ್ಚಿಡುವುದಿಲ್ಲ. "ನೋಡಿದ್ದೇನೆ, ಮಾತಾಡೋಣ" ಅಂತ ಒಂದು ಸಾಲು ಉತ್ತರ ಬಂದಿದೆ. ಇನ್ನೂ ಮಾತಾಡಿಲ್ಲ. ಬಡ್ತಿ ಏನಾಗುತ್ತದೋ ಗೊತ್ತಿಲ್ಲ.

ಹುಡುಗನಿಗೂ ಫೋನ್ ಮಾಡಿದೆ. ಅವನು ಸಿಟ್ಟು ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ಚೆನ್ನಾಗಿತ್ತು. "ಥ್ಯಾಂಕ್ಸ್. ಅವತ್ತು ನೀವು ಹೇಳುತ್ತೀರಿ ಅಂದುಕೊಂಡಿದ್ದೆ" ಅಂದ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು.

ಎರಡನೇ ಸಾಲು ಅವರೇ, ಇಲ್ಲ, ಗೊತ್ತಿಲ್ಲ. ಐದು ವರ್ಷದಲ್ಲಿ ಒಂದು ಸಲವೂ ನಾನು ಅದನ್ನು ಕೇಳಬೇಕು ಅಂದುಕೊಂಡಿರಲಿಲ್ಲ. ಅವಳ ಪಾಲಿನ ಕೋಣೆಯಲ್ಲಿ ಏನೇನಿತ್ತೋ. ನಿನ್ನೆ ಅವಳ ನಂಬರ್‌ಗೆ ಫೋನ್ ಮಾಡಿದೆ. ಬೇರೆ ಯಾರೋ ಎತ್ತಿದರು, ಆ ನಂಬರ್ ಈಗ ಅವಳದ್ದಲ್ಲವಂತೆ. ನಮ್ಮ ಹಳೆಯ ಆಫೀಸಿನ ಇನ್ನೊಬ್ಬರ ವಿಳಾಸ ನನ್ನ ಹತ್ತಿರ ಇದೆ. ಅವರಿಗೆ ಬರೆದಿದ್ದೇನೆ.